ತೋಟದ ಕೆರೆಗೆ ಬಲೆ ಇಳಿಸಿದ್ದು

ತೋಟದ ಕೆರೆಗಳಲ್ಲಿ ಯಾವ ಮೀನು ಎಷ್ಟಿದೆ ಎಂದು ಬಲೆ ಹಾಕಿ ಎಣಿಸುವುದು ನನ್ನ ಕೆಲಸ. ಕೊಡಗಿನ ಗೋಣಿಕೊಪ್ಪದ ಹತ್ತಿರದ ಒಂದು ಕಾಫಿ ತೋಟದ ಕೆರೆಯಲ್ಲಿ ಕೊರವ ಮೀನು ಇಲ್ಲವೆಂದು ಜನವರಿಯಲ್ಲಿ ಬರೆದುಕೊಂಡಿದ್ದೆ. ಮಾರ್ಚಿನಲ್ಲಿ ಅದೇ ಕೆರೆಯಲ್ಲಿ ಮೊಳದುದ್ದದ ಕೊರವವೊಂದು ನನ್ನ ಎಳೆಬಲೆಯ ಮೇಲಿನಿಂದ ಜಿಗಿದು ಹೋಯಿತು. ದಡದಲ್ಲಿದ್ದ, ತೋಟದ ಲೆಕ್ಕ ಬರೆಯುವ ರೈಟರ್, “ನಿಮ್ಮ ಪುಸ್ತಕದಲ್ಲಿ ಇಲ್ಲದ ಮೀನಲ್ಲವೇ ಸಾರ್ ಅದು?” ಎಂದು ನಕ್ಕರು. ನಗುವುದಕ್ಕೆ ಅವರಿಗೆ ಹಕ್ಕಿತ್ತು.

ಜನವರಿಯಲ್ಲಿ ನಾನು ಹಾಕಿದ್ದು ಒಂದೇ ಅಳತೆಯ ಕಣ್ಣಿನ ಗಿಲ್ ಬಲೆ. ಈ ಬಲೆ ಮೀನನ್ನು ಹುಡುಕಿಕೊಂಡು ಹೋಗುವುದಿಲ್ಲ. ಮೀನೇ ಈಜಿ ಬಂದು ಕಿವಿರಿನ ಹತ್ತಿರ ಸಿಕ್ಕಿಕೊಳ್ಳಬೇಕು. ಸಣ್ಣದು ನುಸುಳುತ್ತದೆ, ದೊಡ್ಡದು ಮೂತಿ ತಾಗಿಸಿ ಹಿಂದಿರುಗುತ್ತದೆ. ಜೊಂಡಿನ ಬುಡದಲ್ಲಿ ಹೊಂಚು ಹಾಕಿ ಕೂರುವ ಕೊರವ ಅದರತ್ತ ಬರುವುದೇ ಅಪರೂಪ. ಯುರೋಪಿನ ಕೆರೆಗಳಿಗೆ ಗೊತ್ತುಪಡಿಸಿದ ಬಲೆಯಲ್ಲಿ 5 ಮಿಲಿಮೀಟರಿನಿಂದ 55 ಮಿಲಿಮೀಟರಿನವರೆಗೆ 12 ಅಳತೆಯ ಕಣ್ಣುಗಳನ್ನು 30 ಮೀಟರಿನಲ್ಲಿ ಒಟ್ಟಿಗೆ ಹೆಣೆದು, ರಾತ್ರಿಯಿಡೀ ನೀರಿನಲ್ಲಿ ಬಿಡುತ್ತಾರೆ. ಈಗ ನಾನೂ ನಾಲ್ಕು ಅಳತೆಯ ತುಂಡುಗಳನ್ನು ಸೇರಿಸಿ ಹೊಲಿಸಿಕೊಂಡಿದ್ದೇನೆ. ರಾತ್ರಿ ಬಿಡುವ ಮಾತು ಮಾತ್ರ ಇಲ್ಲಿ ನಡೆಯುವುದಿಲ್ಲ. ಕತ್ತಲಾದ ಮೇಲೆ ತೋಟದ ಕೆರೆ ಆನೆಗಳದ್ದು. ನೀರುನಾಯಿ ಬಂದರೆ ಬಲೆ ಹರಿಯುತ್ತದೆ, ಅದೇ ಸಿಕ್ಕಿಬಿದ್ದು ಉಸಿರುಗಟ್ಟಲೂಬಹುದು. ಹಾಗಾಗಿ ಬೆಳಕು ಹರಿಯುವ ಹೊತ್ತಿಗೆ ಹಾಕಿ, ಕಣ್ಣೆದುರಲ್ಲೇ ಇಟ್ಟುಕೊಂಡು, ಎರಡು ಗಂಟೆ ಕಳೆದ ಮೇಲೆ ತೆಗೆಯುತ್ತೇನೆ. ಸಿಗುವ ಮೀನು ಕಡಿಮೆ. ಆದರೆ ಪ್ರತಿ ಕೆರೆಗೂ ಅದೇ ಎರಡು ಗಂಟೆ, ಆದ್ದರಿಂದ ಒಂದಕ್ಕೊಂದು ಹೋಲಿಸಬಹುದು.

ಸೊಂಟದವರೆಗಿನ ನೀರಿಗೆ ನನ್ನ ನಂಬಿಕೆ ಎಳೆಬಲೆಯ ಮೇಲೆ. ಹತ್ತು ಮೀಟರ್ ಉದ್ದ, ಒಂದೂವರೆ ಮೀಟರ್ ಎತ್ತರ, 6 ಮಿಲಿಮೀಟರ್ ಕಣ್ಣು, ಮೇಲಿನ ಹಗ್ಗಕ್ಕೆ ಬೆಂಡು, ಕೆಳಗಿನದಕ್ಕೆ ಸೀಸದ ಗುಂಡು. ಎರಡು ತುದಿಗೂ ಬಿದಿರಿನ ಕೋಲು, ಕೋಲಿಗೊಬ್ಬರು. ಮೊದಮೊದಲು ನಾವು ಬಿರುಸಾಗಿ ಎಳೆಯುತ್ತಿದ್ದೆವು. ಸೀಸದ ಹಗ್ಗ ನೆಲ ಬಿಟ್ಟು ಮೇಲೇಳುತ್ತಿತ್ತು, ಮೀನೆಲ್ಲ ಅಡಿಯಿಂದ ಪಾರು. ಕುಶಾಲನಗರದ ಕಡೆಯ ಹಳೆಯ ಮೀನುಗಾರರೊಬ್ಬರು ಒಮ್ಮೆ ಜೊತೆಗೆ ಬಂದವರು ನೋಡಲಾರದೆ, “ಎಳೆಯಬೇಡಿ ಸಾರ್, ನೆಲ ಗುಡಿಸಿ” ಎಂದರು. ಈಗ ಕೋಲಿನ ಬುಡ ಮುಂದೆ, ತಲೆ ಹಿಂದೆ ಬಾಗುವಂತೆ ಹಿಡಿಯುತ್ತೇವೆ. ದಡ ಮುಟ್ಟಿದ ಮೇಲೆ ಮೊದಲು ಸೀಸದ ಹಗ್ಗವನ್ನೇ ಒಳಗೆಳೆದುಕೊಳ್ಳುತ್ತೇವೆ. ಅಂತರಗಂಗೆ ದಟ್ಟವಾಗಿರುವ ಕಡೆ ಬಲೆ ಚಾಪೆಯಂತೆ ಸುತ್ತಿಕೊಳ್ಳುತ್ತದೆ; ಅಲ್ಲಿ ಎಳೆಬಲೆಯ ಆಸೆ ಬಿಟ್ಟು ಸಂಜೆ ಕೂಳಿ, ಅಂದರೆ ಮೀನು ಹಿಡಿಯುವ ಬುಟ್ಟಿ, ಇಟ್ಟು ಬರುವುದೇ ಸರಿ. ಅದರ ಬಾಲದ ತುದಿ ನೀರಿನಿಂದ ಹೊರಗಿರಬೇಕು. ಕೊರವವೂ ಚೇಳುಮೀನೂ ಆಗಾಗ ಮೇಲೆ ಬಂದು ಗಾಳಿ ಕುಡಿಯುವ ಜಾತಿ, ಮುಳುಗಿಸಿಟ್ಟರೆ ಸಾಯುತ್ತವೆ.

ಎಣಿಕೆಗೆ ಒಂದೇ ಎಳೆತ ಸಾಲದು. ಕೆರೆಯ ಒಂದು ಮೂಲೆಗೆ ಅಡ್ಡಬಲೆ ಕಟ್ಟಿ, ಕೆಸರು ತಿಳಿಯಾಗಲು ಬಿಟ್ಟು, ಅದರೊಳಗೆ ಎರಡು ಮೂರು ಸಲ ಎಳೆದು, ಸಿಕ್ಕಿದ್ದನ್ನು ಬಕೆಟ್ಟಿನಲ್ಲಿ ಬೇರೆಯಾಗಿ ಇಡುತ್ತೇವೆ. ಮೊದಲ ಸಲ 60, ಎರಡನೆಯ ಸಲ 30 ಬಂದವು ಎನ್ನಿ: ಸಿಗುವ ಮೀನು ಪ್ರತಿ ಸಲ ಅರ್ಧವಾಗುತ್ತಿದೆ, ಅಂದರೆ ಒಂದೊಂದು ಎಳೆತಕ್ಕೂ ಇದ್ದುದರಲ್ಲಿ ಅರ್ಧ ಸಿಗುತ್ತಿದೆ, ಹಾಗಾಗಿ ಮೊದಲಿಗೆ ಅಲ್ಲಿ ಸುಮಾರು 120 ಇದ್ದವು. ಪಕ್ಕೆ, ಜಿಲೇಬಿ ಮೀನುಗಳಿಗೆ ಈ ಲೆಕ್ಕ ಒಗ್ಗುತ್ತದೆ. ಕೆಸರಿಗೆ ತಲೆ ಹುದುಗಿಸುವ, ಬಲೆಯನ್ನೇ ಹಾರುವ ಕೊರವಕ್ಕೆ ಒಗ್ಗುವುದಿಲ್ಲ. ಅದಕ್ಕೆ ಈಗ ‘ಇದೆ’ ಅಥವಾ ‘ಸಿಗಲಿಲ್ಲ’ ಎಂದಷ್ಟೇ ಬರೆಯುತ್ತೇನೆ. ‘ಇಲ್ಲ’ ಎಂಬ ಪದವನ್ನು ನಮೂನೆಯಿಂದಲೇ ತೆಗೆದಿದ್ದೇನೆ.

ನಾನು ಎಡವಿದ ಇನ್ನೊಂದು ಕಡೆ ನೀರಿನ ಮಟ್ಟ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಚ್ಚುತ್ತಾರೆ. ಪಂಪು ಹಗಲಿರುಳು ಓಡಿ ಕೆರೆ ಅರ್ಧಕ್ಕೆ ಇಳಿಯುತ್ತದೆ. ಮೀನು ಅಷ್ಟೇ, ನೀರು ಅರ್ಧ. ಒಂದು ಎಳೆತಕ್ಕೆ ಜನವರಿಯ ಎರಡರಷ್ಟು ಬಂದಾಗ ನಾನು ಖುಷಿಪಟ್ಟು ‘ಮೀನು ಹೆಚ್ಚಿದೆ’ ಎಂದು ಬರೆಯುವವನಿದ್ದೆ. ಅಳತೆ ಗೆರೆ ಹಾಕಿದ ಬಿದಿರು ಗಳವೊಂದನ್ನು ಪಂಪಿನ ಹತ್ತಿರ ನೆಟ್ಟ ಮೇಲೆ ಆ ಗೊಂದಲ ತಪ್ಪಿತು.

ಚೇಳುಮೀನನ್ನು ಬಲೆಯಿಂದ ಬಿಡಿಸುವಾಗ ಅದರ ಭುಜದ ಮುಳ್ಳು ಹೆಬ್ಬೆರಳಿಗೆ ಇಳಿದದ್ದುಂಟು. ತೋಟದ ಕೆಲಸಗಾರರ ಲೈನ್ ಮನೆಯ ಹೆಂಗಸೊಬ್ಬರು ಕೈ ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಬೆರಳು ಅದ್ದಿಸಿದರು, ನೋವು ಇಳಿಯಿತು. ಆ ನಂಜು ಶಾಖ ತಡೆಯದು. ಮೀನನ್ನು ಅಳೆದು, ತೂಗಿ, ನೀರಿಗೆ ಬಿಡುವಾಗ ಅವರ ಮುಖದಲ್ಲಿ ಕರುಣೆ ಇತ್ತು, ಮೀನಿನ ಮೇಲಲ್ಲ, ನನ್ನ ಮೇಲೆ. ಮಳೆಗಾಲದಲ್ಲಿ ಗದ್ದೆಗೆ ಹತ್ತುವ ಕೊಯಿಲೆ ಮೀನಿನ ಸಾರು ಉಂಡವರಿಗೆ ನಮ್ಮ ಕೆಲಸ ಹುಚ್ಚಾಗಿಯೇ ಕಾಣಬೇಕು.

ಕೊನೆಯ ಕೆಲಸ ಬಲೆ ತೊಳೆಯುವುದು. ಒದ್ದೆ ಬಲೆಯ ಮಡಿಕೆಯಲ್ಲಿ ಕಳೆಯ ತುಂಡೋ ಬಸವನಹುಳುವೋ ಉಳಿದಿದ್ದರೆ ಮುಂದಿನ ಕೆರೆಗೆ ನಾವೇ ಹೊತ್ತೊಯ್ದಂತೆ. ಎರಡು ಸಿಲ್ವರ್ ಓಕ್ ಮರಗಳ ನಡುವೆ ಹರಡಿ, ಒಂದೊಂದು ಕಣ್ಣನ್ನೂ ಕೆದಕಿ, ಗರಿಗರಿಯಾಗಿ ಒಣಗುವವರೆಗೆ ಇಳಿಸುವುದಿಲ್ಲ. ಜೂನಿನಲ್ಲಿ ಅದು ಒಣಗುವುದೇ ಇಲ್ಲ, ಆಗ ನನಗೆ ರಜೆ.