ಆಟದ ಖಾತೆ ಉಳಿಸಲು ಇಮೇಲ್‌ನಿಂದ ಶುರುಮಾಡಬೇಕಾಯಿತು

ಬೇಸಿಗೆ ರಜೆಗೆಂದು ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ ಒಂದು ಬೆಳಿಗ್ಗೆ ನನ್ನ ಎದುರು ಬಂದು ನಿಂತು, "ಮಾಮ, ನನ್ನ ಐಡಿ ಓಪನ್ ಆಗ್ತಾ ಇಲ್ಲ" ಎಂದಾಗ ಅವನ ದನಿ ನಡುಗುತ್ತಿತ್ತು. ಮೂರು ವರ್ಷಗಳಿಂದ ಆಡಿ ಗಳಿಸಿದ ರ‍್ಯಾಂಕ್, ಹುಟ್ಟುಹಬ್ಬದ ಹಣದಲ್ಲಿ ಕೊಂಡ ಸ್ಕಿನ್‌ಗಳು (ಆಟದ ಪಾತ್ರ, ಆಯುಧಗಳ ರೂಪ ಬದಲಿಸುವ ಅಲಂಕಾರಗಳು), ಗೆಳೆಯರ ತಂಡ, ಎಲ್ಲವೂ ಆ ಖಾತೆಯಲ್ಲಿದ್ದವು. ದೊಡ್ಡವರಿಗೆ ಇದು ಬರೀ ಆಟವೆನಿಸಬಹುದು. ಆದರೆ ಕಳೆದುಕೊಂಡವನಿಗೆ ಅದು ನಿಜವಾದ ನಷ್ಟವೇ ಎಂದು ನಾನು ನಂಬುತ್ತೇನೆ.

ನಾನು ಮೊದಲು ಮಾಡಿದ್ದು ತಪ್ಪು ಕೆಲಸ. 'ಪಾಸ್‌ವರ್ಡ್ ಮರೆತಿರಾ' ಎಂಬುದನ್ನು ಒತ್ತಿ, ಅವನ ಇಮೇಲ್‌ಗೆ ಬಂದ ಕೊಂಡಿಯಿಂದ ಹೊಸ ಪಾಸ್‌ವರ್ಡ್ ಇಟ್ಟೆ. ಖಾತೆ ತೆರೆಯಿತು, ಒಂದು ಗಂಟೆಯೊಳಗೆ ಮತ್ತೆ ಕೈತಪ್ಪಿತು. ಆಗ ಅನುಮಾನ ಬಂದು ಅವನ ಇಮೇಲ್‌ನ ಸೆಟ್ಟಿಂಗ್ಸ್ ಒಳಗೆ ಹೋಗಿ ಒಂದೊಂದೇ ಪುಟ ನೋಡಿದೆ. ಫಿಲ್ಟರ್‌ಗಳ ಪುಟದಲ್ಲಿ, ಅವನು ಎಂದೂ ಬರೆಯದ ಒಂದು ಸಾಲಿನ ನಿಯಮವಿತ್ತು: ಆಟದ ಕಂಪನಿಯಿಂದ ಬರುವ ಪ್ರತಿ ಪತ್ರವನ್ನೂ ಓದಿದ್ದೆಂದು ಗುರುತಿಸಿ ನೇರವಾಗಿ ಕಸದ ಬುಟ್ಟಿಗೆ ಹಾಕುವುದು. ಪಾಸ್‌ವರ್ಡ್ ಬದಲಾದ ಸೂಚನೆ, ಹೊಸ ಸಾಧನದಿಂದ ಲಾಗಿನ್ ಆದ ಸೂಚನೆ, ಎಲ್ಲವೂ ಆ ಬುಟ್ಟಿಯಲ್ಲಿ ಸಾಲಾಗಿ ಬಿದ್ದಿದ್ದವು. ಕಳ್ಳನು ಇಮೇಲ್‌ನ ಪಾಸ್‌ವರ್ಡ್ ಬದಲಿಸಿರಲಿಲ್ಲ. ಬದಲಿಸಿದ್ದರೆ ನಮಗೆ ಅಂದೇ ತಿಳಿಯುತ್ತಿತ್ತು.

ಇಮೇಲ್ ಒಳಗೆ ಕಳ್ಳ ಬಂದ ದಾರಿ ಹುಡುಕಲು, ನಮ್ಮ ಇಮೇಲ್ ವಿಳಾಸ ಯಾವ ಸೋರಿಕೆಯಲ್ಲಿ ಹೊರಬಿದ್ದಿದೆ ಎಂದು ತಿಳಿಸುವ, ಟ್ರಾಯ್ ಹಂಟ್ ಎಂಬ ಭದ್ರತಾ ತಜ್ಞ 2013ರಲ್ಲಿ ಆರಂಭಿಸಿದ 'ಹ್ಯಾವ್ ಐ ಬೀನ್ ಪೋನ್ಡ್' ತಾಣದಲ್ಲಿ ಹುಡುಗನ ವಿಳಾಸ ಹಾಕಿ ನೋಡಿದೆ. ಐದನೇ ತರಗತಿಯಲ್ಲಿದ್ದಾಗ ನೋಂದಾಯಿಸಿ ಮರೆತಿದ್ದ ಒಂದು ಸಣ್ಣ ಆಟದ ತಾಣದ ಸೋರಿಕೆಯಲ್ಲಿ ಅದು ಸಿಕ್ಕಿತು. ಅಲ್ಲಿ ಇಟ್ಟಿದ್ದ ಪಾಸ್‌ವರ್ಡನ್ನೇ ಅವನು ಇಮೇಲ್‌ಗೂ ಇಟ್ಟಿದ್ದ. ಸೋರಿದ ಪಟ್ಟಿಗಳನ್ನು ತಂತ್ರಾಂಶಕ್ಕೆ ಕೊಟ್ಟು ನೂರಾರು ತಾಣಗಳಲ್ಲಿ ಪ್ರಯತ್ನಿಸುವುದು ಇಂಥ ಕಳ್ಳರ ಕಸುಬು. ಇದರಲ್ಲಿ ಯಾರೂ ಹುಡುಗನನ್ನೇ ಗುರಿಯಿಟ್ಟು ಕೂತಿರುವುದಿಲ್ಲ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಮೂರು ಕೋಟಿಗೂ ಹೆಚ್ಚು ಪಾಸ್‌ವರ್ಡ್‌ಗಳು ಗೂಢಲಿಪಿಯಿಲ್ಲದೆ ಹಾಗೆಯೇ ಹೊರಬಿದ್ದಾಗ, ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಾರಿ ಕಂಡದ್ದು 123456.

ಎರಡನೇ ಸಲ ಕ್ರಮ ಬದಲಿಸಿದೆ. ಹುಡುಗನ ಫೋನಿನಲ್ಲಿ ಯಾರೋ ಕಳಿಸಿದ 'ಮಾಡ್' ಆ್ಯಪ್, ಅಂದರೆ ಅನಧಿಕೃತವಾಗಿ ತಿದ್ದಿದ ಆ್ಯಪ್, ಇದ್ದುದರಿಂದ ಆ ಫೋನನ್ನು ಮುಟ್ಟದೆ ನನ್ನ ಕಂಪ್ಯೂಟರಿನಲ್ಲಿ ಕುಳಿತೆ. ಇಮೇಲ್‌ಗೆ ಹೊಸ ಪಾಸ್‌ವರ್ಡ್ ಇಟ್ಟು, ಎಲ್ಲ ಸಾಧನಗಳಿಂದಲೂ ಲಾಗೌಟ್ ಮಾಡಿ, ಫಿಲ್ಟರ್ ಅಳಿಸಿ, ಮರುಪಡೆಯುವ ಮೊಬೈಲ್ ಸಂಖ್ಯೆ ನಮ್ಮದೇ ಎಂದು ಖಚಿತಪಡಿಸಿಕೊಂಡ ಮೇಲಷ್ಟೇ ಆಟದ ಖಾತೆಗೆ ಕೈಹಾಕಿದೆ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಮೊಬೈಲ್ ಆಟ ಆಡುವವರಿಗೆ ಈ ಕ್ರಮ ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಗೂಗಲ್ ಅಥವಾ ಫೇಸ್‌ಬುಕ್‌ನಂಥ ಖಾತೆಯಿಂದಲೇ ಒಳಗೆ ಹೋಗುತ್ತೇವೆ; ಆ ಖಾತೆ ಹೋದರೆ ಆಟವೂ ಹೋಯಿತು.

ಹೊಸ ಪಾಸ್‌ವರ್ಡ್ ಮಾಡಿದ ರೀತಿ ಅವನಿಗೆ ಬಹಳ ಹಿಡಿಸಿತು. ದಾಳ ಉರುಳಿಸಿ ಪದ ಆರಿಸುವ ಹಳೆಯ ವಿಧಾನವಿದೆ. ನಾವು ಅದಕ್ಕೆ ಕನ್ನಡ ಪದಗಳನ್ನು ಬಳಸಿದೆವು. ಎರಡು ಭಾನುವಾರ ಕುಳಿತು ನಿಘಂಟಿನಿಂದ 1296 ಚಿಕ್ಕ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಪ್ರತಿಯೊಂದಕ್ಕೂ ನಾಲ್ಕು ಅಂಕಿಗಳ ಗುರುತು ಕೊಟ್ಟೆವು. ನಾಲ್ಕು ಬಾರಿ ದಾಳ ಬಿದ್ದರೆ ಒಂದು ಪದ. ಹಾಗೆ ಆರು ಪದಗಳು. 'ಇದು ಚೆನ್ನಾಗಿಲ್ಲ, ಇನ್ನೊಮ್ಮೆ ಉರುಳಿಸೋಣ' ಎಂದು ಅವನು ಕೇಳಿದಾಗ ನಾನು ಒಪ್ಪಲಿಲ್ಲ. ನಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಲು ಹೊರಟರೆ ದಾಳದ ಪ್ರಯೋಜನವೇ ಹೋಗುತ್ತದೆ. ಹೀಗೆ ಸಾಧ್ಯವಾಗುವ ಜೋಡಣೆಗಳ ಸಂಖ್ಯೆ ಹತ್ತೊಂಬತ್ತು ಅಂಕಿಗಳಷ್ಟು ದೊಡ್ಡದು, ಆದರೂ ಅವನು ಎರಡೇ ದಿನದಲ್ಲಿ ಪದಗಳನ್ನು ಬಾಯಿಪಾಠ ಮಾಡಿದ. ಇಮೇಲ್‌ಗೆ ಮತ್ತು ಪಾಸ್‌ವರ್ಡ್ ಮ್ಯಾನೇಜರ್‌ಗೆ ಮಾತ್ರ ಇಂಥ ಒಂದೊಂದು ಸಾಲು ಮಾಡಿಕೊಂಡೆವು. ಉಳಿದೆಲ್ಲ ಪಾಸ್‌ವರ್ಡ್‌ಗಳನ್ನು ಆ ಮ್ಯಾನೇಜರ್ ತಾನೇ ಸೃಷ್ಟಿಸಿ ನೆನಪಿಟ್ಟುಕೊಳ್ಳುತ್ತದೆ. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಜನ ಕೊನೆಯ ಅಂಕಿಯನ್ನಷ್ಟೇ ಬದಲಿಸುತ್ತಾರೆ.

ಪಾಸ್‌ವರ್ಡ್ ಆದ ಮೇಲೆ ಕೇಳುವ ಎರಡನೇ ಹಂತದ ದೃಢೀಕರಣಕ್ಕೆ ಎಸ್‌ಎಂಎಸ್ ಬದಲು, 30 ಸೆಕೆಂಡಿಗೊಮ್ಮೆ ಹೊಸ ಆರಂಕಿ ಕೋಡ್ ತೋರಿಸುವ ಆ್ಯಪ್ ಹಾಕಿದೆವು. ಪ್ರತಿ ತಿಂಗಳು ಸುಮಾರು 77,000 ಖಾತೆಗಳು ಕಳ್ಳರ ಪಾಲಾಗುತ್ತಿವೆ ಎಂದು ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ತಾಣವನ್ನು ನಡೆಸುವ ವಾಲ್ವ್ ಕಂಪನಿಯೇ 2015ರ ಡಿಸೆಂಬರ್‌ನಲ್ಲಿ ಹೇಳಿತ್ತು. ಆಟದೊಳಗಿನ ವಸ್ತುಗಳ ವಿನಿಮಯಕ್ಕೆ ಅದು ಮೊಬೈಲ್ ದೃಢೀಕರಣವನ್ನು ಬಿಗಿಗೊಳಿಸಿದ್ದೂ ಆಗಲೇ. ಆದರೆ ಬಿಟ್ಟಿ ಯುಸಿ (ಬಿಜಿಎಂಐ ಆಟದೊಳಗಿನ ಹಣ) ಕೊಡುತ್ತೇವೆಂಬ ನಕಲಿ ಪುಟದಲ್ಲಿ ನಾವೇ ಆ ಕೋಡ್ ಬರೆದುಕೊಟ್ಟರೆ ಆ್ಯಪ್ ಏನೂ ಮಾಡಲಾರದು. ಆದ್ದರಿಂದ ಲಿಂಕ್ ಯಾರೇ ಕಳಿಸಿದರೂ, ಲಾಗಿನ್ ಮಾತ್ರ ವಿಳಾಸವನ್ನು ತಾನೇ ಟೈಪ್ ಮಾಡಿಯೇ ಆಗಬೇಕೆಂದು ಅವನಿಗೆ ಹೇಳಿದ್ದೇನೆ.

ಖಾತೆ ನಮ್ಮ ಕೈಗೆ ಬಂತು; ಕಳ್ಳ ಬೇರೆಯವರಿಗೆ ಕೊಟ್ಟುಬಿಟ್ಟಿದ್ದ ಸ್ಕಿನ್‌ಗಳು ಮಾತ್ರ ಬರಲಿಲ್ಲ. ತುರ್ತಿಗೆಂದು ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಅಕ್ಕನ ಬೀರುವಿನಲ್ಲಿ, ರೇಷನ್ ಕಾರ್ಡಿನ ಜೊತೆ ಇಟ್ಟಿದ್ದೇವೆ. ಹುಡುಗನ ಹಳೆಯ ಫೋನ್ ಒಡೆದು ಕೋಡ್ ಆ್ಯಪ್ ಸಿಗದೆ ಹೋದ ದಿನ, ಅವುಗಳಲ್ಲಿ ಒಂದನ್ನು ಬಳಸಿ ಒಳಗೆ ಹೋಗಿ, ಬಳಸಿದ ಸಾಲನ್ನು ಅಕ್ಕನೇ ಪೆನ್ನಿನಿಂದ ಹೊಡೆದು ಹಾಕಿದಳು.