ಮಾರ್ಜಮೇಮಿಯಲ್ಲಿ ರಜೆ ಕಳೆಯುವುದು ಹೇಗೆ?

ಇಟಲಿಯ ಸಿಸಿಲಿ ದ್ವೀಪದ ಆಗ್ನೇಯ ಮೂಲೆಯ ಈ ಮೀನುಗಾರರ ಊರಿಗೆ ಸೆಪ್ಟೆಂಬರ್ ಎರಡನೇ ವಾರದ ನಂತರ ಹೋಗಿ. ಬೇಸಿಗೆಯಿಡೀ ಕಾದ ಸಮುದ್ರ ಆಗಲೂ ಬೆಚ್ಚಗಿರುತ್ತದೆ. ಮೇ ತಿಂಗಳಲ್ಲಿ ಬಿಸಿಲಿದ್ದರೂ ನೀರು ಕೊರೆಯುತ್ತದೆ. ಆಗಸ್ಟ್ 15ರ ಫೆರಾಗೊಸ್ತೊ ಹಬ್ಬದ ಆಸುಪಾಸು ಮಾತ್ರ ಬೇಡ, ಕಾಲಿಡಲು ಜಾಗವಿರದು.

ಕತಾನಿಯಾ ವಿಮಾನ ನಿಲ್ದಾಣದಲ್ಲೇ ಬಾಡಿಗೆ ಕಾರು ಹಿಡಿಯಿರಿ. ಭಾರತದ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕಡ್ಡಾಯ. ಹೊರಡುವ ಮುಂಚೆ ಆರ್‌ಟಿಒದಲ್ಲಿ ಮಾಡಿಸಿ. ದಾರಿಯ ಊರುಗಳಲ್ಲಿ 'ಝಡ್‌ಟಿಎಲ್' (ವಾಹನ ಸಂಚಾರ ನಿರ್ಬಂಧಿತ ವಲಯ) ಫಲಕ ಕಂಡರೆ ಒಳನುಗ್ಗಬೇಡಿ. ಅಲ್ಲಿ ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ದಂಡದ ಪತ್ರ ತಿಂಗಳುಗಳ ನಂತರ ಮನೆಗೇ ಬರಬಹುದು. ಪಾರ್ಕಿಂಗ್‌ನಲ್ಲಿ ಬಿಳಿ ಗೆರೆ ಉಚಿತ, ನೀಲಿಗೆ ಹಣ, ಹಳದಿ ಮೀಸಲು.

ಮಧ್ಯಾಹ್ನ ಸುಮಾರು 1ರಿಂದ 4ರವರೆಗೆ ಅಂಗಡಿಗಳು ಮುಚ್ಚುತ್ತವೆ. ನೀರು, ಹಣ್ಣು ಬೆಳಿಗ್ಗೆಯೇ ಕೊಳ್ಳಿ. ರಾತ್ರಿ ಊಟ 7.30ಕ್ಕಿಂತ ಮೊದಲು ಸಿಗುವುದು ಅಪರೂಪ. ಬಿಲ್ಲಿನಲ್ಲಿ ಕಾಣುವ 'ಕೊಪೆರ್ತೊ' ತಲೆಗಿಷ್ಟೆಂಬ ಮೇಜಿನ ಶುಲ್ಕ, ಮೋಸವಲ್ಲ.

ಸಸ್ಯಾಹಾರಿಗಳಿಗೆ ಬದನೆಕಾಯಿ, ಟೊಮೇಟೊ, ಉಪ್ಪುಹಾಕಿದ ರಿಕೋಟಾ ಚೀಸ್ ಸೇರಿದ 'ಪಾಸ್ತಾ ಅಲ್ಲಾ ನೋರ್ಮಾ' ಬಲು ರುಚಿ. ಪಕ್ಕದ ಪಕೀನೊ ಟೊಮೇಟೊಗೇ ಹೆಸರಾದ ಊರು! ಆದರೂ ಸಾಸ್‌ನಲ್ಲಿ ಆಂಚೊವಿ ಮೀನು ಕರಗಿ ಅಡಗಿರಬಹುದು. "ಸೆನ್ಜಾ ಪೆಶೆ, ಸೆನ್ಜಾ ಅಚ್ಚುಗೆ" (ಮೀನಿಲ್ಲದೆ, ಆಂಚೊವಿ ಇಲ್ಲದೆ) ಎಂದು ಬಿಡಿಸಿ ಹೇಳಿ.

ಒಂದು ಬೆಳಗನ್ನು ಉತ್ತರದ ವೆಂದಿಕಾರಿ ರಕ್ಷಿತ ಪ್ರದೇಶಕ್ಕೆ ಮೀಸಲಿಡಿ. ಹಿನ್ನೀರಿನಲ್ಲಿ ಫ್ಲೆಮಿಂಗೊಗಳಿದ್ದರೆ ದುರ್ಬೀನು ಬೇಕೇ ಬೇಕು. ನೆರಳು ಕಡಿಮೆ, ಟೋಪಿ ಮರೆಯಬೇಡಿ.