ಊರಿನದೇ ಫೈಬರ್: ಸೇರದ ಮನೆಯ ಕಂತು ಯಾರ ತಲೆಗೆ?

ಅಮೆರಿಕದ ಹಳ್ಳಿಗಾಡಿನಲ್ಲಿ ಊರಾಡಳಿತವೇ ಸಾಲ ಮಾಡಿ ಮನೆಮನೆಗೆ ಫೈಬರ್, ಅಂದರೆ ಬೆಳಕಿನ ಮೂಲಕ ಇಂಟರ್ನೆಟ್ ಒಯ್ಯುವ ಗಾಜಿನೆಳೆಯ ತಂತಿ, ಎಳೆಸುವುದು ಹೊಸತಲ್ಲ. ಅದನ್ನು ನಡೆಸುವ ಮಾದರಿ ಆರಿಸುವ ಮೊದಲು ಒಂದು ಲೆಕ್ಕ ಹಾಕಿ. 800 ಮನೆ, 30 ಲಕ್ಷ ಡಾಲರ್ ಸಾಲ, ಶೇ 4 ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 18,200 ಡಾಲರ್. 500 ಮನೆ ಸೇರಿದರೆ ತಲಾ 36 ಡಾಲರ್. 300 ಮನೆ ಮಾತ್ರ ಸೇರಿದರೆ 61. ಇದು ಬರೀ ಸಾಲದ ಪಾಲು. ಹೊರಜಾಲದ ಬ್ಯಾಂಡ್‌ವಿಡ್ತ್, ಕಂಬದ ಬಾಡಿಗೆ, ದುರಸ್ತಿ, ದೂರು ಕೇಳುವವರ ಸಂಬಳ ಎಲ್ಲ ಬೇರೆ. ಸಮೀಕ್ಷೆಯಲ್ಲಿ ‘ಹೂಂ, ಬೇಕು’ ಅಂದವರನ್ನು ನಂಬಿ ಕೂರಬೇಡಿ. ಮುಂಗಡ ಕಟ್ಟಿದವರನ್ನಷ್ಟೇ ಎಣಿಸಿ.

ಸೇರದ 300–500 ಮನೆಗಳ ಭಾರ ಯಾರು ಹೊರುತ್ತಾರೆ ಎಂಬುದರ ಮೇಲೆಯೇ ಮಾದರಿಗಳು ಬೇರೆಯಾಗುತ್ತವೆ. ಮ್ಯಾಸಚೂಸೆಟ್ಸ್‌ನ ಲೆವೆರೆಟ್ ಎರಡು ಸಾವಿರಕ್ಕಿಂತ ಕಡಿಮೆ ಜನರ ಊರು. 2012ರಲ್ಲಿ 36 ಲಕ್ಷ ಡಾಲರ್ ಸಾಲಕ್ಕೆ ಊರವರೇ ಮತ ಹಾಕಿ, ಅದನ್ನು ಆಸ್ತಿ ತೆರಿಗೆಗೆ ಹೊರಿಸಿಕೊಂಡರು. ಎಲ್ಲರೂ ತೆರುವುದರಿಂದ ಗಿರಾಕಿ ಕಡಿಮೆಯಾದರೂ ಕಂತು ತಪ್ಪುವುದಿಲ್ಲ, ಆದರೆ ಸಭೆಯಲ್ಲಿ ಮೂರನೇ ಎರಡರಷ್ಟು ಜನರನ್ನು ಒಪ್ಪಿಸಬೇಕು.

ವರ್ಮಾಂಟ್‌ನ ಈಸಿಫೈಬರ್ ಹಿಡಿದದ್ದು ಇದಕ್ಕೆ ತದ್ವಿರುದ್ಧದ ದಾರಿ. ಹಲವು ಊರುಗಳು ಕೂಡಿದ ಜಿಲ್ಲಾ ಸಂಸ್ಥೆ ಅದು. ತೆರಿಗೆ ಹಣ ಮುಟ್ಟುವಂತಿಲ್ಲ, ಚಂದಾ ಹಣದಿಂದಲೇ ಸಾಲ ತೀರಬೇಕು. ಇಂಥಲ್ಲಿ ಜಾಲ ನಿಧಾನವಾಗಿ ಹಬ್ಬುತ್ತದೆ. ಆದಾಯದ ದಾಖಲೆ ಇಲ್ಲದ ಮೊದಲ ವರ್ಷಗಳಲ್ಲಿ ಸಾಲ ಕೊಡುವವರು ಸಿಗುವುದೇ ಕಷ್ಟ.

ಐಡಾಹೋದ ಅಮ್ಮನ್‌ನಲ್ಲಿ ಸೇರಲು ಒಪ್ಪಿದ ಆಸ್ತಿಗಷ್ಟೇ ಕಾಮಗಾರಿ ವೆಚ್ಚ ಬೀಳುತ್ತದೆ. ತಂತಿ ಊರಿನದು, ಇಂಟರ್ನೆಟ್ ಮಾರುವವರು ಹಲವರು; ಗಿರಾಕಿ ವೆಬ್‌ಪುಟದಲ್ಲೇ ಕಂಪನಿ ಬದಲಿಸಬಹುದು. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಚೊಕ್ಕ ಏರ್ಪಾಡು ಇದೇ. ಆದರೆ ಹೀಗೆ ಊರು ಜಾಲವನ್ನು ಕಂಪನಿಗಳಿಗೆ ಕೊಟ್ಟು, ಅವು ಗಿರಾಕಿಗೆ ಮಾರುವ ಸಗಟು ಮಾರಾಟ ಎಂದಾಕ್ಷಣ ಗೆದ್ದಂತಲ್ಲ. ಯೂಟಾದ ಪ್ರೋವೊ ನಗರವೂ ಸಗಟಾಗಿಯೇ ಮಾರಲು ಹೊರಟಿತ್ತು. ಸಾಲದ ಹೊರೆ ಮಾತ್ರ ನಗರದ ಮೇಲೇ ಉಳಿಯಿತು. ಕೊನೆಗೆ 2013ರಲ್ಲಿ ಜಾಲವನ್ನು ಗೂಗಲ್‌ಗೆ ಒಂದು ಡಾಲರ್‌ಗೆ ಕೊಟ್ಟಿತು, ಹಳೆಯ ಸಾಲವನ್ನು ಊರವರು ತೀರಿಸುತ್ತಲೇ ಹೋದರು.

ನಡೆಸುವ ತಾಪತ್ರಯವೇ ಬೇಡವೆನ್ನುವವರು ಮೇರಿಲ್ಯಾಂಡ್‌ನ ವೆಸ್ಟ್‌ಮಿನ್‌ಸ್ಟರ್ ನೋಡಲಿ. ಬೆಳಕು ಹಾಯಿಸದ ಬರಿ ಫೈಬರ್ ನಗರದ್ದು, ಉಪಕರಣ ಮತ್ತು ಗಿರಾಕಿ ಟಿಂಗ್ ಕಂಪನಿಯದು. ಒಪ್ಪಂದದ ಜೀವ ಇರುವುದು ಬಾಡಿಗೆಯ ಎರಡು ಭಾಗದಲ್ಲಿ: ತಂತಿ ಹಾದುಹೋದ ಪ್ರತಿ ಮನೆಗಿಷ್ಟು, ಸೇರಿದ ಪ್ರತಿ ಗಿರಾಕಿಗಿಷ್ಟು. ಮೊದಲ ಭಾಗ ಇಲ್ಲದಿದ್ದರೆ ಸೇರದ ಮನೆಯ ನಷ್ಟ ಪೂರ್ತಿ ಊರಿಗೇ ಬರುತ್ತದೆ.

ಮಾದರಿ ಯಾವುದಾದರೂ ಬಜೆಟ್ ಕೆಡಿಸುವುದು ಕಂಬ. ಕಂಬಗಳು ಸಾಮಾನ್ಯವಾಗಿ ವಿದ್ಯುತ್ ಅಥವಾ ದೂರವಾಣಿ ಕಂಪನಿಯವು. ವಿದ್ಯುತ್ ತಂತಿಗೂ ಸಂಪರ್ಕದ ತಂತಿಗೂ ನಡುವೆ ಕಂಬದಲ್ಲಿ ಸಾಮಾನ್ಯವಾಗಿ 40 ಅಂಗುಲ ಬಿಡಬೇಕು. ಜಾಗ ಸಾಲದಿದ್ದರೆ ಹಳೆಯ ತಂತಿಗಳನ್ನು ಕೆಳಗಿಳಿಸಬೇಕು, ಇಲ್ಲವೇ ಕಂಬವನ್ನೇ ಬದಲಿಸಬೇಕು, ಖರ್ಚು ಊರಿನದು. ಹಾಗಾಗಿ ಸಾಲದ ಮೊತ್ತ ಗೊತ್ತುಮಾಡುವ ಮುನ್ನವೇ ಒಂದೊಂದು ಕಂಬದ ಮುಂದೆಯೂ ನಿಂತು ಅಳತೆ ಬರೆಸಿ. ರಸ್ತೆಯಿಂದ ಮನೆಯವರೆಗಿನ ತಂತಿಯನ್ನೂ ಮರೆಯಬೇಡಿ: ಅರ್ಧ ಕಿಲೋಮೀಟರ್ ಒಳಗಿರುವ ತೋಟದ ಮನೆಗೆ ಉಚಿತ ಸಂಪರ್ಕ ಎಂದು ಮಾತುಕೊಟ್ಟರೆ ಲೆಕ್ಕ ತಪ್ಪುತ್ತದೆ. ಉಚಿತ ಎಷ್ಟು ಮೀಟರ್‌ವರೆಗೆ ಎಂದು ಮೊದಲೇ ಬರೆದಿಡಿ.

ಸ್ಪ್ಲಿಟರ್ ಎಂದರೆ ಒಂದು ಎಳೆಯ ಬೆಳಕನ್ನು ಹಲವು ಮನೆಗೆ ಹಂಚುವ ಚಿಕ್ಕ ಸಾಧನ. ಒಂದಕ್ಕೆ 32 ಮನೆ ಹಂಚಿದ ಜಾಲ ಅಗ್ಗ. ಆದರೆ ಮುಂದೆ ಒಂದೊಂದು ಮನೆಯ ಎಳೆಯನ್ನು ಬೇರೆ ಬೇರೆ ಕಂಪನಿಗೆ ಬಾಡಿಗೆ ಕೊಡುವ ಆಸೆಯಿದ್ದರೆ ಸ್ಪ್ಲಿಟರ್‌ಗಳನ್ನು ಕಂಬಗಳ ಮೇಲೆ ಚದುರಿಸದೆ, ಮನೆಗೊಂದು ಎಳೆ ಬಂದು ಸೇರುವ ಒಂದೇ ಕ್ಯಾಬಿನೆಟ್‌ನಲ್ಲಿ ಇಡಿಸಿ.

ಹೊರಗಿನ ಕಂಪನಿ ನಡೆಸುವುದಾದರೆ ಒಪ್ಪಂದ ಮುಗಿದ ದಿನ ಏನೇನು ಊರಿನ ಕೈಗೆ ಬರಬೇಕೆಂದು ಸಹಿಗೆ ಮೊದಲೇ ಪಟ್ಟಿ ಮಾಡಿ: ಯಾವ ಎಳೆ ಯಾವುದಕ್ಕೆ ಬೆಸೆದಿದೆ ಎಂಬ ನಕ್ಷೆ, ಉಪಕರಣಗಳ ಪಾಸ್‌ವರ್ಡ್, ಗಿರಾಕಿಗಳ ಪಟ್ಟಿ, ಐಪಿ ವಿಳಾಸಗಳು.